ಎಸರಿಡುವಾಗ ಲೆಕ್ಕ, ಉಣ್ಣುವಾಗ ಹೊಟ್ಟೆ

ರಾತ್ರಿ ಹತ್ತೂ ಮುಕ್ಕಾಲು. ಪಾತ್ರೆ ತೊಳೆದಾಗಿತ್ತು, ಮನೆಯವರೆಲ್ಲ ಮಲಗಿದ್ದರು. ಅಡುಗೆಮನೆ ಕಟ್ಟೆಗೆ ಒರಗಿಕೊಂಡು ಫೋನ್ ನೋಡಿದೆ. ಇವತ್ತಿನ ಲೆಕ್ಕದಲ್ಲಿ ಇನ್ನೂ 180 ಕ್ಯಾಲೊರಿ ಬಾಕಿ ಅಂತ ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು. ನನಗೆ ಹೊಟ್ಟೆ ತುಂಬಿತ್ತು. ಆದರೂ ಡಬ್ಬದ ಮುಚ್ಚಳ ತೆಗೆದು ನಾಲ್ಕು ಚಕ್ಕುಲಿ ತಿಂದೆ. ನನ್ನ ಪಾಲಿಗೆ ಬಂದದ್ದನ್ನು ಯಾಕೆ ಬಿಡಬೇಕು ಅನ್ನುವ ಲೆಕ್ಕಾಚಾರ.

ಮೂರು ದಿನ ಬಿಟ್ಟು ಅದೇ ಕಟ್ಟೆ, ಅದೇ ಹೊತ್ತು. ಈ ಸಲ ಫೋನಿನಲ್ಲಿ ಸೊನ್ನೆ. ಸಂಜೆ ಸಹೋದ್ಯೋಗಿಯ ಮಗಳ ಹುಟ್ಟುಹಬ್ಬಕ್ಕೆ ಹೋಗಿ ಒಂದು ತುಂಡು ಕೇಕು ತಿಂದಿದ್ದೆ, ಅದು ರಾತ್ರಿ ಊಟವನ್ನು ನುಂಗಿತ್ತು. ಹೊಟ್ಟೆ ಕಿವುಚುತ್ತಿತ್ತು. ಎರಡು ಲೋಟ ನೀರು ಕುಡಿದು ಮಲಗಿದೆ. ರಾತ್ರಿ ಎರಡು ಗಂಟೆಗೆ ಹಸಿವಿನಿಂದಲೇ ಎಚ್ಚರವಾಯಿತು. ಕೈಕಾಲು ತಣ್ಣಗಿದ್ದವು, ಕಣ್ಣಲ್ಲಿ ನೀರಿತ್ತು. ಒಲೆಯ ಪಕ್ಕದಲ್ಲೇ ಅರ್ಧ ಪಾತ್ರೆ ಸೊಪ್ಪಿನ ಸಾರು ಮುಚ್ಚಿಟ್ಟಿತ್ತು. ನಾನು ಅದನ್ನು ಮುಟ್ಟಲಿಲ್ಲ.

ಹೊಟ್ಟೆ ತುಂಬಿದ್ದಾಗ ತಿಂದೆ, ಹಸಿದಾಗ ಉಪವಾಸ ಮಲಗಿದೆ. ಎರಡು ರಾತ್ರಿಯೂ ನಾನು ಪಾಲಿಸಿದ್ದು ಒಂದೇ ಆಜ್ಞೆಯನ್ನು.

ಇದು 2023ರ ಮಳೆಗಾಲದ ಮಾತು. ಆಗ ನನಗೆ 45 ವರ್ಷ, ತೂಕ 76 ಕಿಲೋ, ಎತ್ತರ ಐದಡಿ ಎರಡಂಗುಲ. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಮಟ್ಟ, ಅಂದರೆ ಎಚ್‌ಬಿಎ1ಸಿ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. "ಆರೇಳು ಕಿಲೋ ಇಳಿಸಿಕೊಳ್ಳಿ, ಮಾತ್ರೆ ಬೇಕಾಗದೆ ಇರಬಹುದು" ಅಂದರು ಡಾಕ್ಟರು. ನಮ್ಮಪ್ಪ ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವಳು ನಾನು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಫೋನಿಗೆ ಕ್ಯಾಲೊರಿ ಲೆಕ್ಕ ಇಡುವ ಆ್ಯಪ್ ಹಾಕಿಕೊಂಡಿದ್ದೆ. ವಯಸ್ಸು, ಎತ್ತರ, ತೂಕ ಕೇಳಿತು. ಎಷ್ಟು ಬೇಗ ಇಳಿಯಬೇಕು ಅಂತಲೂ ಕೇಳಿತು. ಆದಷ್ಟು ಬೇಗ ಅಂತ ಒತ್ತಿದೆ. ದಿನಕ್ಕೆ 1,200 ಅಂತ ಬಂತು. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿರುವವಳಿಗೆ ಒಂದು ಅಂಕಿ ಕೈಗೆ ಸಿಕ್ಕಿದ್ದೇ ದೊಡ್ಡ ಸಮಾಧಾನವಾಯಿತು.

ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಎಲ್ಲರೂ ಹೊಗಳಿದರು. ಆದರೆ ಒಳಗೆ ಏನಾಗುತ್ತಿತ್ತು ಅನ್ನುವುದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿರುವಾಗ ಮಧ್ಯಾಹ್ನದ ಡಬ್ಬಿಯ ಯೋಚನೆ. ಬಸ್ಸಿನಲ್ಲಿ ಕೂತರೆ ಅಡುಗೆ ವಿಡಿಯೊ. ಒಂದು ಭಾನುವಾರ ಮೂರು ಗಂಟೆ ಹೊತ್ತು ಬರೀ ಬಿಸಿಬೇಳೆ ಬಾತ್ ಮಾಡುವುದನ್ನೇ ನೋಡಿದ್ದೇನೆ, ಮಾಡುವ ಉದ್ದೇಶವೇ ಇಲ್ಲದೆ. ಮಾತುಮಾತಿಗೆ ಸಿಡುಕು. ನನ್ನ ಮನಸ್ಸು ಇಷ್ಟು ದುರ್ಬಲವಾ ಅಂತ ನನಗೇ ಬೇಜಾರು. ದೀಪಾವಳಿಗೆ ಕಟ್ಟು ಕಳಚಿತು. ಮುಂದಿನ ಯುಗಾದಿ ಹೊತ್ತಿಗೆ ತೂಕ 75.

ಅದು ದುರ್ಬಲ ಮನಸ್ಸಲ್ಲ ಅಂತ ನನಗೆ ಗೊತ್ತಾದದ್ದು ಆಮೇಲೆ, ಓದುತ್ತಾ ಹೋದಾಗ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದಿದ್ದರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ ಊಟ, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ತೂಕದಲ್ಲಿ ಕಾಲು ಭಾಗ ಇಳಿಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತೂಕದ ಸಂಗತಿ ಅಲ್ಲ. ಆ ಹುಡುಗರು ಅಡುಗೆ ಪುಸ್ತಕ ಓದತೊಡಗಿದರಂತೆ, ತಿನ್ನಲು ಸಿಗದ ತಿಂಡಿಗಳ ವಿಧಾನಗಳನ್ನು ಕೂಡಿಡತೊಡಗಿದರಂತೆ. ಕನಸಿನಲ್ಲೂ ಊಟ. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟ ಮೇಲೂ ಎಷ್ಟೋ ಜನಕ್ಕೆ ಹೊಟ್ಟೆ ತುಂಬಿದೆ ಅನ್ನಿಸುತ್ತಲೇ ಇರಲಿಲ್ಲವಂತೆ. ಅವರು ಗಂಡಸರು, ಓಡಾಟ ಜಾಸ್ತಿ, ಮೈಯಲ್ಲಿ ಕೊಬ್ಬು ಕಮ್ಮಿ, ನಾನು ಹಾಗಲ್ಲ ನಿಜ. ಆದರೂ ಆ ಭಾನುವಾರದ ಬಿಸಿಬೇಳೆ ಬಾತ್ ನೆನಪಾಗಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದರ ಮುಂದಿನ ಕಥೆ ಹೇಳುತ್ತದೆ. ಹತ್ತು ವಾರ ತೀರಾ ಕಮ್ಮಿ ಊಟದಲ್ಲಿ ತೂಕ ಇಳಿಸಿಕೊಂಡವರ ರಕ್ತ ಪರೀಕ್ಷೆ ಮಾಡಿದರು, ಒಂದು ವರ್ಷ ಬಿಟ್ಟು ಮತ್ತೆ ಮಾಡಿದರು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ವರ್ಷವಾದರೂ ಮೊದಲಿಗಿಂತ ಜಾಸ್ತಿಯೇ ಇತ್ತು. ಮೈಯಲ್ಲಿ ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಅಂತ ಮೆದುಳಿಗೆ ತಿಳಿಸುವ ಲೆಪ್ಟಿನ್ ಕಮ್ಮಿಯೇ ಇತ್ತು. ಬರಗಾಲ ಬಂದಿದೆ ಅಂತ ದೇಹ ನಂಬಿಬಿಟ್ಟರೆ ಮಳೆ ಬಂದ ಮೇಲೂ ಆ ಭಯ ಬೇಗ ಹೋಗುವುದಿಲ್ಲ. ತೂಕ ಮತ್ತೆ ಏರಿಸಿಕೊಂಡವರನ್ನು ಸೋಮಾರಿ, ನಾಲಿಗೆ ಮೇಲೆ ಹಿಡಿತ ಇಲ್ಲದವರು ಅಂತ ಬೈಯುವವರು ಇದನ್ನೊಮ್ಮೆ ಓದಬೇಕು ಅಂತ ನನ್ನ ಮನಸಾರೆ ಆಸೆ.

ಆ್ಯಪ್ ತೆಗೆದುಹಾಕಿದೆ. ಹಸಿದಾಗ ಉಣ್ಣು, ಸಾಕಾದಾಗ ನಿಲ್ಲಿಸು, ದೇಹಕ್ಕೆ ಎಲ್ಲ ಗೊತ್ತು ಅನ್ನುವ ದಾರಿ ಹಿಡಿದೆ. ಕೇಳಲು ಚೆನ್ನಾಗಿತ್ತು. ಮೂರು ತಿಂಗಳಲ್ಲಿ ನೂರು ಗ್ರಾಮೂ ಇಳಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾವಾಗಲೂ ಮಿಕ್ಸ್ಚರೋ ಬಿಸ್ಕತ್ತೋ ತೆರೆದೇ ಇರುತ್ತದೆ. ಎರಡು ಪೀರಿಯಡ್ ನಡುವೆ ಐದಾರು ಸಲ ಕೈ ಹಾಕಿದರೂ ಹೊಟ್ಟೆ "ಸಾಕು" ಅಂದದ್ದೇ ಇಲ್ಲ. ದಿನಕ್ಕೆ ನಾಲ್ಕು ಲೋಟ ಸಿಹಿ ಕಾಫಿ. ಅದನ್ನಂತೂ ಹೊಟ್ಟೆ ಊಟ ಅಂತ ಎಣಿಸುವುದೇ ಇಲ್ಲ.

ಹೊಟ್ಟೆ ಸುಳ್ಳು ಹೇಳುತ್ತದೆ ಅಂತಲ್ಲ. ಅದಕ್ಕೆ ಗೊತ್ತಿರುವುದು ಕೆಲವು ಸಂಗತಿ ಮಾತ್ರ. ಜಠರ ಎಷ್ಟು ಹಿಗ್ಗಿತು, ಕರುಳಿಗೆ ಪ್ರೋಟೀನು ಎಷ್ಟು ಬಂತು, ನಾರು ಎಷ್ಟು ಹೊತ್ತು ಒಳಗೆ ನಿಂತಿತು, ಇಂಥದ್ದು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಹಾಕಿದ್ದೆವೋ ನಾಲ್ಕು ಹಾಕಿದ್ದೆವೋ ಅನ್ನುವುದು ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಇನ್ನೆರಡು ವಾರ ಸಾದಾ ಅಡುಗೆ. ಎರಡರಲ್ಲೂ ಬೇಕಾದಷ್ಟು ತಿನ್ನಬಹುದಿತ್ತು. ಪ್ಯಾಕೆಟ್ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ದರು. ಅಷ್ಟು ಜಾಸ್ತಿ ತಿಂದರೂ ಸಾದಾ ಊಟಕ್ಕಿಂತ ಹೆಚ್ಚು ತೃಪ್ತಿಯಾಯಿತು ಅಂತ ಅವರು ಹೇಳಿರಲಿಲ್ಲ. ಅಂದರೆ ಹೊಟ್ಟೆಯ ಮಾತು ಕೇಳಬೇಕು ಅಂದರೆ ಹೊಟ್ಟೆಗೆ ಅರ್ಥವಾಗುವ ಊಟವನ್ನೇ ಹಾಕಬೇಕು.

ನಮ್ಮ ಅಡುಗೆಮನೆಯಲ್ಲೇ ಇದನ್ನು ಒರೆಗೆ ಹಚ್ಚಿ ನೋಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ ಧಾನ್ಯ, ಸೊಪ್ಪು, ಕಾಳುಗಳ ಲೆಕ್ಕವನ್ನೆಲ್ಲ ಒಂದು ಪಟ್ಟಿಯಾಗಿ ಹೊರತಂದಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 11 ಗ್ರಾಂ ನಾರು. ಬಿಳಿ ಅಕ್ಕಿಯಲ್ಲಿ 356 ಕ್ಯಾಲೊರಿ, ನಾರು ಮೂರು ಗ್ರಾಮಿಗೂ ಕಮ್ಮಿ. ಒಂದು ದಿನ ಮಧ್ಯಾಹ್ನಕ್ಕೆ ಚಿತ್ರಾನ್ನ ಮಾಡಿದೆ. ಅರವತ್ತು ಗ್ರಾಂ ಅಕ್ಕಿ, ಎರಡು ಚಮಚ ಎಣ್ಣೆ, ಅರ್ಧ ಹಿಡಿ ಕಡ್ಲೇಬೀಜ. ಹೆಚ್ಚುಕಮ್ಮಿ 390 ಕ್ಯಾಲೊರಿ. ಮಾರನೇ ದಿನ ಎಪ್ಪತ್ತೈದು ಗ್ರಾಂ ಹಿಟ್ಟಿನ ಮುದ್ದೆ, ಜೊತೆಗೆ ಅಲಸಂದೆ ಕಾಳು, ದಂಟಿನ ಸೊಪ್ಪು ಹಾಕಿದ ಬಸ್ಸಾರು, ಪಲ್ಯ. ಅದೂ ಅಷ್ಟೇ, 390ರ ಆಸುಪಾಸು. ಚಿತ್ರಾನ್ನ ತಿಂದ ದಿನ ಮೂರೂವರೆಗೆ, ಏಳನೇ ಪೀರಿಯಡ್‌ನಲ್ಲಿ, ಹೊಟ್ಟೆ ಚುರ್ ಅಂದಿತು. ಮುದ್ದೆ ಉಂಡ ದಿನ ಸಂಜೆ ಆರೂವರೆವರೆಗೆ ಊಟದ ನೆನಪೇ ಆಗಲಿಲ್ಲ.

ಎಪ್ಪತ್ತೈದು ಗ್ರಾಂ ಹಿಟ್ಟು ತೂಗಿ ನೋಡಿದರೆ ಅಂಗೈಯಗಲ ಬಟ್ಟಲಿನಲ್ಲಿ ತಳ ಹಿಡಿದಷ್ಟೇ ಕಾಣುತ್ತದೆ. ಎಸರು ಮರಳುವಾಗ ಅದನ್ನು ಸುರಿದು, ಸ್ವಲ್ಪ ಹೊತ್ತು ಬೇಯಲು ಬಿಟ್ಟು, ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಒದ್ದೆ ಮಾಡಿದ ಮಣೆ ಮೇಲೆ ಹಾಕಿಕೊಂಡು ಅಂಗೈಗೆ ನೀರು ಮುಟ್ಟಿಸಿಕೊಂಡು ಕಟ್ಟಿದರೆ ಇನ್ನೂರು ಗ್ರಾಮು ದಾಟುವ ಮುದ್ದೆ. ಹಿಟ್ಟು ಅಷ್ಟು ನೀರು ಕುಡಿಯುತ್ತದೆ. ಆ ನೀರಿಗೆ ಕ್ಯಾಲೊರಿ ಇಲ್ಲ, ಆದರೆ ಹೊಟ್ಟೆಯಲ್ಲಿ ಜಾಗ ಇದೆ. ನಾನು ತಿಂದ ನಾಲ್ಕು ಚಕ್ಕುಲಿಯಲ್ಲಿ ನೀರೆಲ್ಲ ಎಣ್ಣೆಯಲ್ಲಿ ಕಾದು ಹಾರಿಹೋಗಿ ಆ ಜಾಗಕ್ಕೆ ಎಣ್ಣೆ ಬಂದು ಕೂತಿರುತ್ತದೆ. ತೂಕ ಮೂವತ್ತೈದು ಗ್ರಾಂ, ಕ್ಯಾಲೊರಿ ಮುಕ್ಕಾಲು ಮುದ್ದೆಯಷ್ಟು. ಇದೊಂದು ಅರ್ಥವಾದ ಮೇಲೆ ನನಗೆ ಬೇರೆ ಪಥ್ಯದ ಪಟ್ಟಿಗಳ ಮೇಲೆ ಆಸೆ ಹೋಯಿತು.

ಇಷ್ಟೆಲ್ಲ ತಲೆಗೆ ಹತ್ತುವ ಮುಂಚೆ, 2024ರ ಯುಗಾದಿಯ ದಿನ ನಡೆದದ್ದನ್ನು ಹೇಳಬೇಕು. ಒಂಬತ್ತನೇ ಕ್ಲಾಸು ಮುಗಿಸಿದ್ದ ಮಗಳ ಎಲೆಗೆ ಅತ್ತೆ ಬಿಸಿ ಒಬ್ಬಟ್ಟು ಹಾಕಿ ತುಪ್ಪ ಬಿಟ್ಟರು. ಅವಳು ಅದನ್ನು ಬೆರಳಲ್ಲಿ ಅಂಚಿಗೆ ಸರಿಸಿ ನನ್ನ ಮುಖ ನೋಡಿದಳು. "ಅಮ್ಮ, ಇದ್ರಲ್ಲಿ ಎಷ್ಟ್ ಕ್ಯಾಲೊರಿ ಇರುತ್ತೆ?" ಆಮೇಲೆ ಗೊತ್ತಾಯಿತು, ಎರಡು ತಿಂಗಳಿಂದ ಅವಳ ಫೋನಿನಲ್ಲೂ ಅದೇ ಆ್ಯಪ್ ಇತ್ತು. ಅವಳ ತೂಕ 46 ಕಿಲೋ. ಇಳಿಸಲು ಅವಳ ಮೈಯಲ್ಲಿ ಏನೂ ಇರಲಿಲ್ಲ. ತಟ್ಟೆಯ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು, ಅನ್ನ ತೂಗಿ, ಫೋನಿನಲ್ಲಿ ಬರೆದುಕೊಂಡು ಉಣ್ಣುತ್ತಿದ್ದ ಅಮ್ಮನನ್ನು ಅವಳು ದಿನಾ ನೋಡಿದ್ದಳು. ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ, ಅವಳು ಕಲಿತಿದ್ದಳು. ಆ ರಾತ್ರಿ ಅವಳ ಪಕ್ಕ ಮಲಗಿ ತುಂಬಾ ಹೊತ್ತು ಮಾತಾಡಿದೆ. ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಸಲ್ಲದು ಅಂತ ಹೇಳಿದೆ, ನಾನು ಮಾಡಿದ್ದು ನನಗೂ ಸರಿಹೋಗಲಿಲ್ಲ ಅಂತಲೂ ಹೇಳಿದೆ. ಮುಂದೆ ಒಂದೆರಡು ತಿಂಗಳು ಅವಳ ಡಬ್ಬಿ ವಾಪಸು ಬರುವುದನ್ನೇ ಕಾಯುತ್ತಿದ್ದೆ. ಖಾಲಿ ಡಬ್ಬಿ ಕಂಡ ದಿನ ಜೀವಕ್ಕೆ ತಂಪು.

ಮಾರನೇ ದಿನವೇ ತಕ್ಕಡಿಯನ್ನು ಊಟದ ಮೇಜಿನಿಂದ ಎತ್ತಿ ಅಡುಗೆಮನೆ ಗೂಡಿನಲ್ಲಿ, ಹಿಟ್ಟಿನ ಡಬ್ಬದ ಪಕ್ಕ ಇಟ್ಟೆ. ಅಲ್ಲಿಂದಲೇ ನನಗೆ ದಾರಿ ಹೊಳೆದದ್ದು. ಲೆಕ್ಕ ಒಲೆಯ ಹತ್ತಿರ ಇರಲಿ. ತಟ್ಟೆಗೆ ಬಡಿಸಿದ ಮೇಲೆ ಲೆಕ್ಕ ಬೇಡ, ಅಲ್ಲಿ ಹೊಟ್ಟೆ ಹೇಳಿದ ಹಾಗೆ.

ಒಲೆಯ ಹತ್ತಿರದ ಲೆಕ್ಕ ಹೀಗೆ. ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಮೂರು ಲೀಟರ್ ಎಣ್ಣೆ ಮುಗಿಯುತ್ತಿತ್ತು. ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲೊರಿ. ಒಂದು ಲೀಟರ್ ಅಂದರೆ ಎಂಟು ಸಾವಿರದ ಮೇಲೆ. ಹಂಚಿದರೆ ದಿನಕ್ಕೆ ತಲೆಗೆ ಇನ್ನೂರು ಚಿಲ್ಲರೆ ಕ್ಯಾಲೊರಿ ಬರೀ ಎಣ್ಣೆಯಿಂದ. ಈಗ ತಿಂಗಳ ಸಾಮಾನಿನ ಚೀಟಿಯಲ್ಲೇ ಎರಡು ಲೀಟರ್ ಅಂತ ಬರೆಯುತ್ತೇನೆ. ಯಾರ ತಟ್ಟೆಯನ್ನೂ ನೋಡದೆ, ಯಾರಿಗೂ ಏನೂ ಅನ್ನದೆ ತಲೆಗೆ ಸುಮಾರು ಎಪ್ಪತ್ತು ಕ್ಯಾಲೊರಿ ಕಮ್ಮಿಯಾಯಿತು. ಅದನ್ನು ನಮ್ಮ ಯಾರ ಹೊಟ್ಟೆಯೂ ಗಮನಿಸಲಿಲ್ಲ. ಕಾಯಿ, ಕಡ್ಲೇಬೀಜ ಬಿಟ್ಟಿಲ್ಲ, ಅಳೆದು ಹಾಕುತ್ತೇನೆ. ಸಾರಿಗೆ ಕಾಳು ಮೊದಲಿಗಿಂತ ಒಂದೂವರೆಪಟ್ಟು. ಸೊಪ್ಪು, ತರಕಾರಿಗೆ ಲೆಕ್ಕವೇ ಇಲ್ಲ. ಕಾಫಿ ಎರಡು ಲೋಟಕ್ಕೆ ಇಳಿದಿದೆ. ಬಿಟ್ಟ ಎರಡು ಲೋಟ ಈಗಲೂ ನೆನಪಾಗುತ್ತದೆ, ಅದರಲ್ಲೂ ಮಳೆ ಬರುವಾಗ.

ಗುರಿಯ ಅಂಕಿಯನ್ನೂ ಬದಲಾಯಿಸಿದೆ. ಓಡಾಟ ಕಮ್ಮಿ ಇರುವ 55 ಕಿಲೋ ತೂಕದ ಹೆಂಗಸಿಗೇ ದಿನಕ್ಕೆ 1,660 ಕ್ಯಾಲೊರಿ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ನಾನು 76 ಕಿಲೋ ಹೊತ್ತುಕೊಂಡು 1,200ಕ್ಕೆ ಹೊರಟಿದ್ದೆ! ಒಂದೇ ಅಂಕಿ ಅನ್ನುವುದನ್ನೇ ಬಿಟ್ಟು 1,450ರಿಂದ 1,700ರ ನಡುವೆ ಎಲ್ಲಾದರೂ ಸರಿ ಅಂದುಕೊಂಡೆ. ಇವತ್ತು ಹಸಿವು ಜಾಸ್ತಿ ಇದ್ದರೆ ಮೇಲಿನ ತುದಿ, ಕಮ್ಮಿ ಇದ್ದರೆ ಕೆಳಗಿನ ತುದಿ. ಬಾಕಿ ಉಳಿದರೆ ಉಳಿಯಲಿ, ಅದು ನಾಳೆಗೆ ಬರಬೇಕಾದ ಸಾಲವಲ್ಲ. ಬರೆದುಕೊಳ್ಳುವುದೂ ದಿನಾ ಇಲ್ಲ. ತಿಂಗಳಲ್ಲಿ ಯಾವುದಾದರೂ ಮೂರು ದಿನ ಒಂದು ಹಳೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಕೈ ಅಳತೆ ತಪ್ಪಿದೆಯಾ ಅಂತ ನೋಡಲು ಅಷ್ಟು ಸಾಕು.

ತಟ್ಟೆಯ ಮುಂದಿನ ಪಾಠ ಇದಕ್ಕಿಂತ ಕಷ್ಟದ್ದು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಮುದ್ದೆಯನ್ನಂತೂ ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ, ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ಹಾಗಿದ್ದರೆ ನಮ್ಮ ಹಿರಿಯರಿಗೆ ಸಾಕು ಅಂತ ಹೇಗೆ ತಿಳಿಯುತ್ತಿತ್ತು? ಮದ್ದೂರು ಕಡೆಯ ನಮ್ಮ ಊರಿನ ಪಂಕ್ತಿ ನೆನಪು ಮಾಡಿಕೊಂಡೆ. ಮುದ್ದೆ ಮುಗಿದ ಮೇಲೆ ಅನ್ನ ಬರುವವರೆಗೆ ಒಂದು ಬಿಡುವು ಇರುತ್ತಿತ್ತು. ಮಾತು, ಒಂದು ಲೋಟ ನೀರು, ಬೆರಳಿಗೆ ಅಂಟಿದ ಕಾಳು ನೆಕ್ಕುವುದು. ಅನ್ನದ ಪಾತ್ರೆ ಬಂದಾಗ ಎಷ್ಟೋ ಜನ "ಒಂದ್ ತುತ್ತು ಹಾಕಿ ಸಾಕು, ಮಜ್ಜಿಗೆಗೆ" ಅನ್ನುತ್ತಿದ್ದರು. ಆ ಬಿಡುವನ್ನು ನಾನು ಮನೆಗೆ ತಂದುಕೊಂಡಿದ್ದೇನೆ. ಮುದ್ದೆ ಆದ ಮೇಲೆ ಪಲ್ಯವನ್ನು ನಿಧಾನವಾಗಿ ಅಗಿದು ತಿನ್ನುತ್ತೇನೆ, ಆಮೇಲೆ ಅನ್ನದ ಮಾತು.

ಸಾಕು ಅನ್ನುವ ಪದದ ಬಗ್ಗೆಯೂ ಈಚೆಗೆ ಯೋಚಿಸುತ್ತಿರುತ್ತೇನೆ. ನಮ್ಮ ಭಾಷೆಯಲ್ಲಿ ಮಗುವನ್ನು ಸಾಕುವುದಕ್ಕೂ ಊಟ ಸಾಕು ಅನ್ನುವುದಕ್ಕೂ ಒಂದೇ ಶಬ್ದ. ಮೂಲ ಒಂದೇನಾ ಅನ್ನುವುದನ್ನು ಭಾಷೆ ಬಲ್ಲವರು ಹೇಳಲಿ, ನನಗೆ ಮಾತ್ರ ಎರಡೂ ಒಟ್ಟಿಗೇ ಕೇಳಿಸುತ್ತವೆ.

ಹಸಿವನ್ನೂ ಬೇರೆ ಬೇರೆ ಮಾಡಿ ನೋಡುವುದು ಕಲಿತೆ. ಊಟಕ್ಕೆ ಒಂದು ಗಂಟೆ ಮುಂಚೆ ಹಸಿವಾದರೆ ಅದು ಒಳ್ಳೆಯದು, ಸಾರಿನ ರುಚಿ ಹೆಚ್ಚುತ್ತದೆ. ಬೇಜಾರಿಗೆ, ಯಾರದೋ ಮಾತಿನ ನೋವಿಗೆ ಬಾಯಾಡಿಸಬೇಕು ಅನ್ನಿಸಿದರೆ ಆಗ ಸೊಪ್ಪಿನ ಸಾರು ಬೇಡ ಅನ್ನಿಸುತ್ತದೆ, ಮಿಕ್ಸ್ಚರೇ ಬೇಕು ಅನ್ನಿಸುತ್ತದೆ. ನಿಜವಾದ ಹಸಿವಿಗೆ ನಿನ್ನೆಯ ಸಾರೂ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ವಾರ ನಿದ್ದೆ ಕೆಟ್ಟರೆ ಹಸಿವು ದುಪ್ಪಟ್ಟು. ಆ ವಾರ ತೂಕ ಇಳಿಸುವ ಯೋಚನೆಯನ್ನೇ ಬದಿಗಿಡುತ್ತೇನೆ. ರಾತ್ರಿ ಹಸಿವಿನಿಂದ ಎಚ್ಚರವಾದರೆ, ಕೈಕಾಲು ತಣ್ಣಗಾದರೆ, ಮತ್ತೆ ಅಡುಗೆ ವಿಡಿಯೊ ನೋಡುತ್ತಾ ಕೂತಿದ್ದೇನೆ ಅಂತ ಅರಿವಾದರೆ ಮಾರನೇ ದಿನ ಅರ್ಧ ಮುದ್ದೆ ಜಾಸ್ತಿ. ತೂಕ ಇಳಿಯುವುದು ನಿಧಾನವಾಗುತ್ತದೆ, ಆಗಲಿ. ಇನ್ಸುಲಿನ್ನೋ ಸಕ್ಕರೆ ಮಾತ್ರೆಯೋ ತೆಗೆದುಕೊಳ್ಳುವವರು ಮಾತ್ರ ಊಟ ಹೆಚ್ಚುಕಮ್ಮಿ ಮಾಡುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಅಪಾಯ.

ಮೊದಲ ಸಲ ಎರಡು ತಿಂಗಳಲ್ಲಿ ಇಳಿದ ನಾಲ್ಕು ಕಿಲೋ ಈ ಸಲ ಇಳಿಯಲು ಆರು ತಿಂಗಳು ಹಿಡಿಯಿತು. ಒಂದು ವರ್ಷಕ್ಕೆ 68.5. ಅಲ್ಲಿಂದ ಮುಂದೆ ಇಳಿದಿಲ್ಲ, ಏರಿಯೂ ಇಲ್ಲ. ಎಚ್‌ಬಿಎ1ಸಿ 5.6. ಡಾಕ್ಟರು ಮಾತ್ರೆ ಬರೆಯಲಿಲ್ಲ. ಚೀಟಿ ಹಿಡಿದು ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪನ ಕಾಲು ಕಣ್ಣ ಮುಂದೆ ಬಂತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅವರೆಕಾಯಿ ಕಾಲ. ಅಮ್ಮ ಹಿತಕಿದವರೆ ಸಾರು ಮಾಡಿ, ಒಲೆ ಮುಂದೆ ಕೂತು ಮುದ್ದೆ ಕಟ್ಟುತ್ತಿದ್ದಳು. ಅವಳ ಮುದ್ದೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? ನಾನು ಒಂದು ಮುಗಿಸಿದ ತಕ್ಷಣ ಎರಡನೆಯದನ್ನು ಕೈಯಲ್ಲಿ ಹಿಡಿದೇ ಕೇಳಿದಳು.

"ಇನ್ನರ್ಧ ಇಕ್ಲೇನವ್ವ? ಇಲ್ಲ ಸಾಕಾ?"

"ತಡಿಯವ್ವ, ಹೇಳ್ತೀನಿ" ಅಂದೆ.

ಅವಳು ಮುದ್ದೆಯನ್ನು ಮಣೆ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಪಕ್ಕದ ಮನೆಯ ಹಸು ಕರು ಹಾಕಿದ ಕಥೆ ಹೇಳತೊಡಗಿದಳು. ಕಥೆ ಮುಗಿಯುವ ಹೊತ್ತಿಗೆ ನಾನು ತಟ್ಟೆ ಮುಂದೆ ಸರಿಸಿದೆ. ಅವಳು ಅರ್ಧ ಮುರಿದು ಹಾಕಿ, ನಡುವೆ ಬೆರಳಲ್ಲಿ ಗುಳಿ ಮಾಡಿ ಸಾರು ಬಿಟ್ಟಳು.